ಗೂಡು ಕೊಟ್ಟು ಓಟು ಹಾಕಿಸಿದ ಬೀಗರು

ನಮ್ಮ ಬೀಗರನ್ನು ಸರ್ಕಾರಿ ಆಸ್ಪತ್ರೆಯ ಸಮಿತಿಗೆ ಸೇರಿಸಿದ ಪುಣ್ಯಾತ್ಮರು ಯಾರೋ ನನಗೆ ಗೊತ್ತಿಲ್ಲ. ಆದರೆ ಅವರು ಬೀಗರ ಹುಳು ಮನೆಗೆ ಒಂದು ದಿನವೂ ಕಾಲಿಟ್ಟವರಲ್ಲ, ಇದಂತೂ ಗ್ಯಾರಂಟಿ! ಇಟ್ಟಿದ್ದರೆ ಸೇರಿಸುತ್ತಿದ್ದರೇ?

ಬೀಗರು ಎಂದರೆ ನನ್ನ ಸೊಸೆಯ ತಂದೆ. ರಾಮನಗರದ ಹತ್ತಿರ, ಕೈಲಾಂಚದ ಕಡೆಯವರು. ಮೂವತ್ತು ವರ್ಷ ರೇಷ್ಮೆ ಹುಳು ಸಾಕಿ ಸಾಕಿ, ಭೂಮಿಯ ಮೇಲಿನ ಸಕಲ ಜೀವಿಗಳೂ ರೇಷ್ಮೆ ಹುಳುಗಳೇ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ಹೆಣ್ಣು ಕೊಡುವ ಮೊದಲು ಸೋಲೂರಿನ ನಮ್ಮ ಮನೆ ನೋಡಲು ಬಂದಾಗ ತೆಂಗಿನ ಮರ ಎಷ್ಟು, ಹಸು ಎಷ್ಟು ಎಂದು ಕೇಳಲಿಲ್ಲ. ಹುಳು ಮನೆಯ ಶಾಖ ಅಳೆಯುವ ಗಾಜಿನ ಕಡ್ಡಿಯನ್ನು ಜೇಬಿನಿಂದ ತೆಗೆದು ನಮ್ಮ ನಡುಮನೆಯ ಗೋಡೆಗೆ ನೇತುಹಾಕಿ, ಕಾಫಿ ಮುಗಿಯುವವರೆಗೂ ಅದನ್ನೇ ನೋಡುತ್ತ ಕುಳಿತರು. ಆಮೇಲೆ, "ಗಾಳಿ ಚೆನ್ನಾಗಾಡ್ತದೆ. ನಮ್ಮುಡುಗಿ ಇಲ್ಲಿ ಬದುಕ್ಕತಾಳೆ" ಎಂದರು. ನನ್ನ ಮಗನ ಮುಖ ನೋಡಿದ್ದು ಅದಾದ ಮೇಲೆ!

ಅಂಥವರು ತಮ್ಮೂರಿನ ಆಸ್ಪತ್ರೆಯ ಸಮಿತಿ ಸೇರಿದರು. ಮೊದಲ ದಿನವೇ ಬಾಗಿಲಲ್ಲಿ ಸುಣ್ಣದ ಪುಡಿ ಹರಡಿ ಕಾವಲು ನಿಂತರು. ಹುಳು ಮನೆಗೆ ಹೋಗುವವರು ಹಾಗೆ ಸುಣ್ಣ ತುಳಿದೇ ಹೋಗುವುದು ಪದ್ಧತಿ. ಡಾಕ್ಟರಮ್ಮ ಬಂದರು.

"ಅಮ್ಮಾರೇ, ಚಪ್ಲಿ ಬುಟ್ಟು ಇದ್ರ ಮ್ಯಾಲೆ ನಿಂತ್ಕಂಡು ಬನ್ನಿ. ಇಲ್ದಿದ್ರೆ ರೋಗ ಒಳಿಕ್ಕೆ ಬಂದ್ಬುಡ್ತದೆ."

"ಯಜಮಾನ್ರೇ, ಆಸ್ಪತ್ರೆ ಕಟ್ಟಿರೋದೇ ರೋಗ ಒಳಗೆ ಬರಲಿ ಅಂತ!"

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸಮಿತಿ ಎಂದರೇನು ಎಂಬುದನ್ನು ಬೀಗರೇ ನನಗೆ ಬಿಡಿಸಿ ಹೇಳಿದರು. ಸರ್ಕಾರ ವರ್ಷಕ್ಕೊಮ್ಮೆ ಸ್ವಲ್ಪ ದುಡ್ಡು ಕೊಟ್ಟು, ಆಸ್ಪತ್ರೆಗೆ ಮೊದಲು ಏನು ಬೇಕೋ ನೀವೇ ಕೂತು ಹೇಳಿ ಅನ್ನುತ್ತದಂತೆ. ದುಡ್ಡು ಒಂದು ಕೆಲಸಕ್ಕಾಗುವಷ್ಟು, ಆಸೆಗಳು ಮೂರು! ಕಂಟ್ರಾಕ್ಟ್ ಕೆಲಸ ಮಾಡುವ ಒಬ್ಬ ಸದಸ್ಯನಿಗೆ ಆಸ್ಪತ್ರೆಯ ಮುಂದೆ ದೊಡ್ಡ ಕಮಾನು ಬೇಕು, ಅದರ ಮೇಲೆ ಸದಸ್ಯರೆಲ್ಲರ ಹೆಸರೂ ಬೇಕು. ಇನ್ನೊಬ್ಬರಿಗೆ ಕಾಯುವ ಜಾಗದಲ್ಲಿ ಟಿವಿ ಬೇಕು. ಬೀಗರಿಗೆ ಬೇಕಾದದ್ದು ಹೆರಿಗೆ ಕೋಣೆಗೊಂದು ಬ್ಯಾಟರಿ. ಹುಟ್ಟಿದ ಮಗುವನ್ನು ಬೆಚ್ಚಗಿಡುವ ಯಂತ್ರ ಅಲ್ಲಿತ್ತು. ಆದರೆ ಕರೆಂಟು ಹೋದರೆ ಅದೂ ತಣ್ಣಗೆ. ಅದಕ್ಕೇ ನರ್ಸಮ್ಮ ಹೆದರಿ, ನೋವು ಬಂದವರನ್ನೆಲ್ಲ ರಾಮನಗರಕ್ಕೆ ಕಳಿಸುತ್ತಿದ್ದರು.

"ಮರಿ ಹುಳೀಗೇ ಕಾವು ಕೊಟ್ಟು ಸಾಕ್ತೀವಿ. ಕಮಾನಿನ ಕೆಳಗೆ ಯಾವ ಕೂಸು ಬೆಚ್ಚಗಾಯ್ತದ್ಲಾ?" ಎಂದು ಬೀಗರು ಕಂಟ್ರಾಕ್ಟುದಾರನ ಮೇಲೆ ರೇಗಿದರು.

ಈ ರೇಗಾಟದ ಹಿಂದೆ ಒಂದು ಗುಟ್ಟಿತ್ತು. ಗುಟ್ಟೇನು ಬಂತು, ಊರಿಗೇ ಗೊತ್ತಿತ್ತು! ನನ್ನ ಸೊಸೆ ಏಳು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವರ ಮನೆಯ ಜಗಲಿಯ ಮೇಲೆ ನಿಂತರೆ ಆಸ್ಪತ್ರೆ ಕಾಣುತ್ತದೆ. ಮೊದಲ ಮೊಮ್ಮಗು ಅಲ್ಲೇ ಹುಟ್ಟಬೇಕು ಎಂಬುದು ಬೀಗರ ಆಸೆ. ನನ್ನದೂ ಅದೇ.

ಸಭೆಯಲ್ಲಿ ಜಗಳ ಹರಿಯಲಿಲ್ಲ. "ಕಾಯ್ಲೆಯವ್ರನ್ನೇ ಕೇಳುವಾ" ಎಂದು ಬೀಗರು ಆಸ್ಪತ್ರೆಯ ಮುಂದೆ ಮೂರು ಬುಟ್ಟಿ ಇಟ್ಟರು. ಓದು ಬಾರದವರಿಗೆಂದು ಒಂದಕ್ಕೆ ಕಮಾನಿನ ಚಿತ್ರ, ಒಂದಕ್ಕೆ ಟಿವಿ, ಒಂದಕ್ಕೆ ಕೂಸು ಅಂಟಿಸಿದರು. ಓಟಿನ ಚೀಟಿ? ತಮ್ಮದೇ ಬೆಳೆಯ ರೇಷ್ಮೆ ಗೂಡು! ಬಂದವರಿಗೆ ತಲೆಗೊಂದು ಗೂಡು.

ಒಬ್ಬ ಅಜ್ಜಿ ಕೇಳಿತು, "ಇದ ಹಾಕುದ್ರೆ ಮಂಡಿ ನೋವು ಓಯ್ತದೇನಪ್ಪಾ?"

"ಮಂಡಿ ನೋವಿಗೆ ಬುಟ್ಟಿ ಇಟ್ಟಿಲ್ಲ ಕಣವ್ವಾ!"

"ಮತ್ಯಾಕೆ ಕರುದ್ರಿ?" ಎಂದ ಅಜ್ಜಿ ಗೂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಹೋಯಿತು.

ಓಟು ಮುಗಿಯಿತು, ಬುಟ್ಟಿಗಳನ್ನು ಕೋಣೆಯೊಳಗಿಟ್ಟು ಬೀಗ ಹಾಕಿದರು. ಎಣಿಸುವ ಸಭೆ ಒಮ್ಮೆ ಮುಂದೆ ಹೋಯಿತು. ಇನ್ನೊಮ್ಮೆಯೂ ಹೋಯಿತು. ಗೂಡು ಕಟ್ಟಿದ ಮೇಲೆ ಬೇಗ ಮಾರಬೇಕು, ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಬರುತ್ತದೆ ಎಂಬುದು ಆ ಸೀಮೆಯ ಮಕ್ಕಳಿಗೂ ಗೊತ್ತು. ಮೂವತ್ತು ವರ್ಷದ ಅನುಭವಿ ನಮ್ಮ ಬೀಗರು ಮರೆತರು! ಓಟು ಎಂದು ನೋಡಿದರೇ ಹೊರತು ಗೂಡು ಎಂದು ನೋಡಲೇ ಇಲ್ಲ.

ಸೊಸೆಯನ್ನು ನೋಡಲು ಹೋಗಿದ್ದ ನಾನೂ ಆ ದಿನ ಸಭೆಯ ಹೊರಬೆಂಚಿನಲ್ಲಿದ್ದೆ. ಕೋಣೆಯ ಬಾಗಿಲು ತೆಗೆದರೆ ಗೋಡೆ, ಮೇಜು, ಸಭೆಯ ಪುಸ್ತಕ, ಎಲ್ಲೆಲ್ಲೂ ಬಿಳಿ ಚಿಟ್ಟೆ! ಆ ಚಿಟ್ಟೆಗಳಿಗೆ ಹಾರಲು ಬರುವುದಿಲ್ಲ. ರೆಕ್ಕೆ ಬಡಿಯುತ್ತ ಕೂಸಿನ ಬುಟ್ಟಿಯಿಂದ ಕಮಾನಿನ ಬುಟ್ಟಿಗೆ ನಿಧಾನವಾಗಿ ನಡೆದುಹೋಗುತ್ತಿದ್ದವು.

ಕಂಟ್ರಾಕ್ಟುದಾರ ಚಪ್ಪಾಳೆ ತಟ್ಟಿದ. "ಲೇ, ನಿನ್ನ ಓಟೆಲ್ಲ ಪಕ್ಷಾಂತರ ಮಾಡ್ತಾವೆ ನೋಡ್ಲಾ! ತೂತು ಬಿದ್ದಿರೋ ಓಟು ಲೆಕ್ಕಕ್ಕಿಲ್ಲ."

"ಚಿಟ್ಟೆ ನಡೀತದೆ, ಗೂಡು ಎದ್ದು ನಡೀತದೇನ್ಲಾ? ಎಣಿಸ್ಲಾ!"

ಎಣಿಸಿದರು. ಕೂಸಿನ ಬುಟ್ಟಿಯೇ ಗೆದ್ದಿತ್ತು. ಆಗ ಸೋತವನು ಕೊನೆಯ ಕಲ್ಲು ಎಸೆದ. "ಎಲ್ಲಾ ನಿನ್ನ ಮಗಳಿಗೋಸ್ಕರ ತಾನೇ? ಸಮಿತಿ ದುಡ್ಡಲ್ಲಿ ನಿಮ್ಮನೆ ಬಾಣಂತನವಾ?"

ಬೀಗರು ಹೆಗಲ ಮೇಲಿನ ಚಿಟ್ಟೆಯೊಂದನ್ನು ಮೆಲ್ಲಗೆ ತೆಗೆದು ಬುಟ್ಟಿಗೆ ಬಿಟ್ಟು, ಸಭೆಯ ಪುಸ್ತಕ ಹಿಡಿದಿದ್ದ ಡಾಕ್ಟರಮ್ಮನ ಕಡೆ ತಿರುಗಿದರು.

"ನನ್ನ ಮಗಳ್ನ ರಾಮನಗರಕ್ಕೇ ಕರ್ಕಂಡೋಯ್ತೀನಿ. ಇದ ಪುಸ್ತಕದಲ್ಲಿ ಬರ್ಕಳಿ ಅಮ್ಮಾರೇ. ಈಗ ಬ್ಯಾಟ್ರಿ ತರ್ಸಿ."

ನನಗೆ ಎಲ್ಲಿತ್ತೋ ಸಿಟ್ಟು! ಹೊರಗೆ ಬಂದವರನ್ನು ತಡೆದು, "ಏನ್ ಬೀಗರೇ, ನನ್ನ ಮೊಮ್ಮಗೀನ ನನ್ನನ್ನ ಕೇಳ್ದಂಗೆ ಬುಟ್ಕೊಟ್ರಾ?" ಎಂದೆ.

"ಬುಟ್ಕೊಟ್ಟಿಲ್ಲ ಬೀಗರೇ, ಒಸಿ ದೂರ ಕಳುಸ್ತಾ ಇವ್ನಿ."

ಬ್ಯಾಟರಿ ಹೆರಿಗೆಗೆ ಮೊದಲೇ ಬಂತು. ಹೆರಿಗೆ ಇಲ್ಲೇ ಆಗಲಿ ಎಂದು ನರ್ಸಮ್ಮನೇ ಮನೆಗೆ ಬಂದು ಕರೆದರು. ಬೀಗರು ಮಾತು ಬದಲಿಸಲಿಲ್ಲ. ರಾಮನಗರದಲ್ಲೇ ಒಂದು ಬೆಳಗ್ಗೆ ನನ್ನ ಮೊಮ್ಮಗಳು ಹುಟ್ಟಿದಳು. ಅಯ್ಯೋ, ಆ ಮೂಗು! ಆ ಮುಷ್ಟಿ! ನಾನು ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರಿಗೆಲ್ಲ ಮೈಸೂರು ಪಾಕು ಹಂಚಿದೆ. ಮಾಗಡಿ ಬಸ್ಸಿನ ಕಂಡಕ್ಟರು ಮೂರು ತುಂಡು ತಿಂದು, ಟಿಕೆಟ್ ಮಾತ್ರ ಹರಿದೇ ಕೊಟ್ಟ!

ಹತ್ತು ದಿನ ಬಿಟ್ಟು ಮತ್ತೆ ಮಗುವನ್ನು ನೋಡಲು ಹೋದೆ. ಮಧ್ಯಾಹ್ನ ಊಟವಾದ ಮೇಲೆ ಬೀಗರು, ಬ್ಯಾಟರಿ ತೋರಿಸುತ್ತೇನೆಂದು ಆಸ್ಪತ್ರೆಗೆ ಎಳೆದುಕೊಂಡು ಹೋದರು. ಒಳಗೆ ಕುರಿ ಸಾಕುವ ಮನೆಯ ಹುಡುಗಿಯೊಬ್ಬಳಿಗೆ ನೋವು ಬಂದಿತ್ತು. ಅವಳ ತಾಯಿ ಬಾಗಿಲಲ್ಲಿ ಕಬ್ಬಾಳಮ್ಮನಿಗೆ ಕೈಮುಗಿದು ಕುಳಿತಿದ್ದಳು. ಪಟ್ಟನೆ ಕರೆಂಟು ಹೋಯಿತು. ನಮ್ಮ ತಲೆಯ ಮೇಲಿನ ಫ್ಯಾನು ನಿಂತಿತು. ನಮ್ಮ ಬೀಗರು ಹೆರಿಗೆ ಕೋಣೆಯ ಗೋಡೆಗೆ ಕಿವಿ ಇಟ್ಟು ನಿಂತುಬಿಟ್ಟರು.

ಹೆರಿಗೆ ಕೋಣೆಯ ದೀಪ ಆರಲಿಲ್ಲ. ಸ್ವಲ್ಪ ಹೊತ್ತಿಗೆ ಅಳು ಕೇಳಿತು.

ಹುಡುಗಿಯ ತಾಯಿ ಬಟ್ಟೆ ಸುತ್ತಿದ ಕೂಸನ್ನು ಹೊರಗೆ ತಂದಳು. "ಒಸಿ ಎತ್ಕಳಿ ಸ್ವಾಮಿ, ನನ್ಗೆ ಕೈಕಾಲೇ ಆಡ್ತಿಲ್ಲ" ಎಂದು ಬೀಗರ ತೋಳಿಗೇ ಕೊಟ್ಟಳು. ಅವಳು ಯಾವ ಊರಿನವಳು ಎಂದೂ ಬೀಗರು ಕೇಳಲಿಲ್ಲ. ಬಟ್ಟೆಯೊಳಗೆ ಎರಡು ಬೆರಳು ತೂರಿಸಿ ಏನನ್ನೋ ಮುಟ್ಟಿ ನೋಡಿದರು. ಅವರ ಕಣ್ಣು ತುಂಬಿತ್ತು.

"ಪಾದ ಬೆಚ್ಚಗವೆ ಬೀಗರೇ. ನೀವೂ ಮುಟ್ಟಿ ನೋಡಿ."

ನಾನೂ ಮುಟ್ಟಿದೆ. ಬೆಚ್ಚಗಿದ್ದವು.