ಒಂಬತ್ತನೇ ಕೋಣೆಯ ಕಿಟಕಿ ಹಾಗೂ ಮಾಲೀಕರ ಅಭಿಪ್ರಾಯಗಳ ಕುರಿತು

ಪ್ರವಾಸಿಗರ ಕೊರತೆ ಅಧ್ಯಯನ ಸಮಿತಿ
(ತಾತ್ಕಾಲಿಕ ಕಚೇರಿ: ಸರೋವರದ ದಂಡೆಯ ಹೋಟೆಲು, ಊಟದ ಕೋಣೆ, ಫ್ಯಾನಿನ ಕೆಳಗಿನ ಮೇಜು)

ಸುತ್ತೋಲೆ ಸಂಖ್ಯೆ: ಪ್ರಕೊ/ಅಸ/ಕೋಣೆ-9/ನಾಲ್ಕನೇ ತಿದ್ದುಪಡಿ
ದಿನ: ಗುರುವಾರ

ಉಲ್ಲೇಖ:

1. “ಪ್ರವಾಸಿಗರು ಯಾಕೆ ಬರ್ತಿಲ್ಲ ಅಂತ ನೋಡೋಕೆ ಬಂದ್ರಿ. ಬಂದೋರು ಹದಿನೆಂಟು ಕೋಣೇನೂ ತುಂಬ್ಕೊಂಡು ಕೂತ್ರಿ. ಇನ್ನು ಬರೋ ಪ್ರವಾಸಿಗರು ನನ್ನ ತಲೆ ಮೇಲೆ ಮಲಗಬೇಕಾ?” ಎಂದು ಸದರಿ ಹೋಟೆಲಿನ ಮಾಲೀಕರೂ ಹೋಟೆಲ್ ಉದ್ಯಮಿಗಳ ಸಂಘದ ಮುಖಂಡರೂ ಆದವರು ಕಳೆದ ಸೋಮವಾರ ಬೆಳಿಗ್ಗೆ 8.40ಕ್ಕೆ ಸಲ್ಲಿಸಿದ ಮೌಖಿಕ ಮನವಿ.

2. ಅದೇ ದಿನ 8.41ಕ್ಕೆ ಸಮಿತಿಯ ಮುಖ್ಯಸ್ಥರು ನೀಡಿದ ಉತ್ತರ: “ರೀ, ದನಿ ತಗ್ಗಿಸಿ. ಇದು ಸರ್ಕಾರಿ ಕಚೇರಿ.”

3. ಅದೇ ನಿಮಿಷದಲ್ಲಿ ಮಾಲೀಕರ ಮರುಮನವಿ: “ಇದು ನಮ್ಮಪ್ಪ ಕಟ್ಟಿಸಿದ ಊಟದ ಕೋಣೆ ಕಣ್ರೀ! ಕೂತಿರೋದು ನನ್ನ ಕುರ್ಚಿ, ಬರೀತಿರೋದು ನನ್ನ ತಿಂಡಿ ಪಟ್ಟಿ ಹಿಂದೆ, ಕಚೇರಿಯಂತೆ ಕಚೇರಿ!” (ಮೇಜಿಗೆ ಗುದ್ದು: ಒಂದು. ಉರುಳಿದ ಲೋಟ: ಎರಡು.)

ವಿಷಯ: ಹೋಟೆಲ್ ಉದ್ಯಮಿಗಳ ಸಂಘದ ಮುಖಂಡರು ರಾಜಕೀಯ ಹಾಗೂ ಪ್ರವಾಸೋದ್ಯಮದ ಬಗ್ಗೆ ಅಭಿಪ್ರಾಯ ಹೊಂದಿರುವುದನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಪ್ರಸ್ತಾವನೆ:

ಈ ಊರಿಗೆ ಪ್ರವಾಸಿಗರು ಕಡಿಮೆಯಾಗುತ್ತಿದ್ದಾರೆ ಎಂದು ಕಳೆದ ವರ್ಷ ಮೂರು ಪುಟದ ದೂರು ಬರೆದವರು ಈ ಮಾಲೀಕರೇ. ದೂರನ್ನು ಗಂಭೀರವಾಗಿ ಪರಿಗಣಿಸಿ ಹದಿನೇಳು ಸದಸ್ಯರ ಸಮಿತಿಯನ್ನು ರಚಿಸಲಾಯಿತು. ಸಮಿತಿಯು ಮೂರು ದಿನಗಳ ಭೇಟಿಗೆಂದು ಬಂದು ಈಗ ನಾಲ್ಕು ತಿಂಗಳು ಹನ್ನೊಂದು ದಿನಗಳಾಗಿವೆ. ಮಾರಿಯನ್ನು ಮನೆಗೆ ಕರೆದವರೇ ಈಗ ಮಾರಿ ಹೋಗುತ್ತಿಲ್ಲ ಎಂದರೆ ಅದಕ್ಕೆ ಇಲಾಖೆಯು ಹೊಣೆಯಲ್ಲ.

ಸೋಮವಾರದ ಮನವಿಗೆ ತಕ್ಷಣದ ಕಾರಣ, ಅಂದು ಒಂಬತ್ತು ಗಂಟೆಯ ಬಸ್ಸಿಗೆ ಇಬ್ಬರು ಪ್ರವಾಸಿಗರು ಬರುವವರಿದ್ದುದು. ನಿವೃತ್ತ ಭೂಗೋಳದ ಟೀಚರು ಮತ್ತು ಅವರ ಪತಿ. ಹನ್ನೊಂದು ವರ್ಷಗಳಿಂದ ಪ್ರತಿ ವರ್ಷವೂ ಒಂಬತ್ತನೇ ಕೋಣೆಯಲ್ಲಿ ಒಂದು ವಾರ ತಂಗುವವರು. ಸರೋವರ ಪೂರ್ತಿಯಾಗಿ ಕಾಣುವ ಕಿಟಕಿ ಇರುವುದು ಆ ಕೋಣೆಯೊಂದಕ್ಕೇ. ಪತಿಯ ಕಣ್ಣು ಮಂಜಾಗುತ್ತ ಬಂದಿದ್ದು, ಈ ವರ್ಷ ಕಂಡರೆ ಕಂಡಿತು, ಮುಂದಿನ ವರ್ಷದ ಮಾತು ಹೇಳಲಾಗದು ಎಂದು ವೈದ್ಯರು ತಿಳಿಸಿದ್ದಾರೆ. ಮಾಲೀಕರು “ಬನ್ನಿ, ನಿಮ್ಮ ಕೋಣೆ ನಿಮಗೇ” ಎಂದು ಸಮಿತಿಯ ಗಮನಕ್ಕೆ ತಾರದೆ ಕಾಗದ ಬರೆದು ಮಾತು ಕೊಟ್ಟಿರುವುದು ಪತ್ತೆಯಾಗಿದೆ. ಇಂಥ ಸನ್ನಿವೇಶದಲ್ಲಿ ಕೆಳಕಂಡ ನಿಯಮಗಳನ್ನು ಜಾರಿಗೊಳಿಸುವುದು ಅನಿವಾರ್ಯವಾಗಿದೆ.

ನಿಯಮಗಳು:

1. ಮೇಜಿನ ಈಚೆ ಕುಳಿತವರು ಆಡಿದ ಮಾತನ್ನು ಆಡಳಿತವೆಂದೂ, ಮೇಜಿನ ಆಚೆ ನಿಂತವರು ಆಡಿದ ಅದೇ ಮಾತನ್ನು ರಾಜಕೀಯವೆಂದೂ ಪರಿಗಣಿಸತಕ್ಕದ್ದು.

2. ಮಾಲೀಕರು ರಾಜಕೀಯದ ಬಗ್ಗೆ ಅಭಿಪ್ರಾಯವನ್ನು ಬೆಳಿಗ್ಗೆ 7.10ರಿಂದ 7.25ರವರೆಗೆ ಮಾತ್ರ, ಉಗ್ರಾಣದ ಗೋಡೆಗೆ ಮುಖ ಮಾಡಿ, ಸಕ್ಕರೆ ಡಬ್ಬಕ್ಕೆ ಮಾತ್ರ ಕೇಳುವಂತೆ ವ್ಯಕ್ತಪಡಿಸಬಹುದು. ಹುಬ್ಬು ಗಂಟಿಕ್ಕುವುದನ್ನು ಲಿಖಿತ ಅಭಿಪ್ರಾಯವೆಂದೂ, ಟೀ ಲೋಟವನ್ನು ಟಪ್ಪನೆ ಇಡುವುದನ್ನು ಪತ್ರಿಕಾ ಹೇಳಿಕೆಯೆಂದೂ ತಿಳಿಯಲಾಗುವುದು. ನಿಟ್ಟುಸಿರಿಗೆ ಪೂರ್ವಾನುಮತಿ ಬೇಕು.

3. ಮಾಲೀಕರು ಈವರೆಗೆ ವ್ಯಕ್ತಪಡಿಸಿರುವ ಅಭಿಪ್ರಾಯಗಳನ್ನು ಸಮಿತಿಯು ಒಂದೊಂದಾಗಿ ಪರಿಶೀಲಿಸಿ ಈ ಕೆಳಗಿನಂತೆ ವಿಲೇವಾರಿ ಮಾಡಿದೆ.

(ಅ) “ಚುನಾವಣೆ ಬಂದ್ರೆ ಎರಡೂ ಪಕ್ಷದೋರು ನನ್ನ ಹೋಟೆಲಲ್ಲೇ ಇಳ್ಕೊಳ್ತಾರೆ. ಹೊರಗಡೆ ಒಬ್ಬರ ಮುಖ ಒಬ್ಬರು ನೋಡಲ್ಲ. ಒಳಗಡೆ ಒಂದೇ ಸೋಪಲ್ಲಿ ಕೈ ತೊಳ್ಕೊಳ್ತಾರೆ.” ಸದರಿ ಸೋಪನ್ನು ವಶಪಡಿಸಿಕೊಂಡು ಪರಿಶೀಲಿಸಲಾಯಿತು. ಅದರ ಮೇಲೆ ಯಾವುದೇ ಪಕ್ಷದ ಗುರುತು ಕಂಡುಬಂದಿಲ್ಲ. ಪರಿಶೀಲನೆಯ ವೇಳೆಯಲ್ಲಿ ಸೋಪು ಮುಗಿದಿದೆ. ಅಭಿಪ್ರಾಯವನ್ನು ಸಾಕ್ಷ್ಯದ ಕೊರತೆಯಿಂದ ಕೈಬಿಡಲಾಗಿದೆ.

(ಆ) “ಸರೋವರಕ್ಕೆ ದಾರಿ ತೋರ್ಸೋ ಒಂದು ಬೋರ್ಡ್ ಹಾಕ್ಸಿ ಅಂತ ಹತ್ತು ವರ್ಷ ಗೋಗರೆದೆ. ಹಾಕ್ಸಿದ್ರು. ಬೋರ್ಡ್ ತುಂಬಾ ಮಂತ್ರಿಗಳ ಮುಖ ಇದೆ, ದಾರಿ ಎಲ್ಲಿದೆ?” ಸದರಿ ಫಲಕದಲ್ಲಿ ಮಂತ್ರಿಗಳು ಕೈ ಬೀಸುತ್ತಿರುವುದು ನಿಜ. ಆ ಕೈ ತೋರಿದ ಕಡೆಗೇ ಹೋದ ಒಂದು ಬಸ್ಸು ನೇರವಾಗಿ ಇಟ್ಟಿಗೆ ಭಟ್ಟಿಗೆ ಹೋಗಿ ನಿಂತದ್ದೂ ನಿಜ. ಪ್ರಯಾಣಿಕರು ಇಳಿದು ಭಟ್ಟಿಯನ್ನು ನೋಡಿರುವುದರಿಂದ ಅದನ್ನು ಪ್ರೇಕ್ಷಣೀಯ ಸ್ಥಳವೆಂದು ಈ ಮೂಲಕ ಘೋಷಿಸಲಾಗಿದೆ. ಫಲಕವನ್ನು ಸರಿಪಡಿಸುವ ಅಗತ್ಯ ಇನ್ನು ಉಳಿದಿಲ್ಲ.

(ಇ) “ನಿಮ್ಮ ಉಪಕಾರ ಬೇಡ, ಉಪದ್ರವ ಕಡಿಮೆ ಮಾಡಿ ಸಾಕು, ಜನ ತಾವಾಗೇ ಬರ್ತಾರೆ.” ಇದು ಅಭಿಪ್ರಾಯವೋ ಬೈಗುಳವೋ ಎಂಬುದರ ಬಗ್ಗೆ ಕಾನೂನು ಸಲಹೆ ಕೇಳಲಾಗಿದೆ.

4. ಮನೆ ಬಿಟ್ಟು ಬಂದು, ಹೋಟೆಲಿನಲ್ಲಿ ತಂಗಿ, ಬೆಳಿಗ್ಗೆ ತಡವಾಗಿ ಎದ್ದು, ಸಂಜೆ ನೀರಿನ ದಂಡೆಯಲ್ಲಿ ಅಡ್ಡಾಡುವ ಯಾರನ್ನಾದರೂ ಪ್ರವಾಸಿ ಎನ್ನಬಹುದು. ಈ ವ್ಯಾಖ್ಯೆಯ ಪ್ರಕಾರ ಎಣಿಕೆ ಮಾಡಲಾಗಿ, ಊರಿನಲ್ಲಿ ಪ್ರತಿದಿನವೂ ಹದಿನೇಳು ಮಂದಿ ಪ್ರವಾಸಿಗರಿರುವುದು ಕಂಡುಬಂದಿದೆ. ಅದೇ ಹದಿನೇಳು ಮಂದಿಯನ್ನು ದಿನಕ್ಕೊಮ್ಮೆಯಂತೆ ಕೂಡಿಸಲಾಗಿ ಒಟ್ಟು ಸಂಖ್ಯೆ ಎರಡು ಸಾವಿರ ದಾಟಿದೆ. ಹೋಟೆಲಿನ ಎಲ್ಲ ಕೋಣೆಗಳೂ ಭರ್ತಿಯಾಗಿವೆ. ಪ್ರವಾಸೋದ್ಯಮವು ಹಿಂದೆಂದೂ ಕಾಣದ ಏಳಿಗೆಯನ್ನು ಕಂಡಿದೆ ಎಂದು ವರದಿ ಸಲ್ಲಿಸಲಾಗಿದೆ. ಪ್ರವಾಸಿಗರು ಇಷ್ಟೊಂದು ಸಂಖ್ಯೆಯಲ್ಲಿ ಏಕೆ ಬರುತ್ತಿದ್ದಾರೆ ಎಂಬುದನ್ನು ತಿಳಿಯಲು ಸಮಿತಿಯ ಅವಧಿಯನ್ನು ಇನ್ನಾರು ತಿಂಗಳು ವಿಸ್ತರಿಸಲಾಗಿದೆ.

5. ಈ ಲೆಕ್ಕವನ್ನು ಕೇಳಿ ಮಾಲೀಕರು “ಕನ್ನಡಿ ಮುಂದೆ ನಿಂತ್ಕೊಂಡು ನೆಂಟರು ಬಂದ್ರು ಅಂದಹಾಗಾಯ್ತು” ಎಂದಿರುವುದನ್ನು ಕಡತದಿಂದ ತೆಗೆದುಹಾಕಲಾಗಿದೆ.

6. ಊರಿನ ಉಳಿದ ನಾಲ್ಕು ಹೋಟೆಲುಗಳಲ್ಲಿ ಉಪಸಮಿತಿಗಳು ತಂಗಿರುವುದರಿಂದ, ಹೊರಗಿನಿಂದ ಬರುವ ಪ್ರವಾಸಿಗರು ಬರುವ ಮೊದಲೇ ಹಿಂದಿರುಗತಕ್ಕದ್ದು.

7. ಒಂಬತ್ತನೇ ಕೋಣೆಯನ್ನು ಸಮಿತಿಯ ಕಡತಗಳಿಗೆ ಹಂಚಿಕೆ ಮಾಡಲಾಗಿದೆ. ಮಂಚದ ಮೇಲೆ ಚಾಲ್ತಿ ಕಡತಗಳೂ, ಮಂಚದ ಕೆಳಗೆ ಮುಕ್ತಾಯವಾದ ಕಡತಗಳೂ ಇವೆ. ಗಾಳಿಗೆ ಹಾಳೆಗಳು ಹಾರುವುದನ್ನು ತಡೆಯಲು ಕಿಟಕಿಯನ್ನು ಮುಚ್ಚಿ ಅದಕ್ಕೆ ಅಡ್ಡಲಾಗಿ ಬೀರು ಇಡಲಾಗಿದೆ. ಕಡತಗಳ ಹೊದಿಕೆಯನ್ನು ವಾರಕ್ಕೊಮ್ಮೆ ಬದಲಾಯಿಸುವಂತೆ ಬಟ್ಟೆ ಒಗೆಯುವ ಮನೆಯ ಉಸ್ತುವಾರಿಯಾದ ಮಾಲೀಕರ ಅಕ್ಕನಿಗೆ ಸೂಚಿಸಲಾಗಿತ್ತು. ಅವರು ಹೊದಿಕೆ ಬದಲಾಯಿಸಿದ್ದಾರೆ. ಆದರೆ ಸಮಿತಿಯ ಮುಖ್ಯಸ್ಥರ ಅಂಗಿಗಳನ್ನು ಒಗೆದು ಕೊಡುವಾಗ, “ಏನಪ್ಪಾ, ನಾಲ್ಕು ತಿಂಗಳಾಯ್ತು, ಮನೇಲಿ ನಿನ್ನ ದಾರಿ ಕಾಯೋರು ಯಾರೂ ಇಲ್ವಾ?” ಎಂದು ಕೇಳಿದ್ದಾರೆ. ಇದು ರಾಜಕೀಯವೂ ಅಲ್ಲ, ಪ್ರವಾಸೋದ್ಯಮವೂ ಅಲ್ಲದ ಕಾರಣ ಯಾವ ನಿಯಮದಡಿಯಲ್ಲಿ ಉತ್ತರಿಸಬೇಕೆಂದು ತಿಳಿಯದೆ ಮುಖ್ಯಸ್ಥರು ಅಂದು ಮಧ್ಯಾಹ್ನ ಊಟ ಮಾಡಲಿಲ್ಲ.

8. ಕಣ್ಣು ಮಂಜಾಗುತ್ತಿರುವವರಿಗೆ ಕಿಟಕಿಯಿರುವ ಕೋಣೆಯನ್ನು ನೀಡುವುದು ಕಿಟಕಿಯ ಅಪವ್ಯಯವೆಂದು ಸಮಿತಿಯು ಹದಿನಾರು ಮತಗಳಿಂದ ತೀರ್ಮಾನಿಸಿದೆ. ಮತ ಹಾಕದೆ ತಲೆ ತಗ್ಗಿಸಿದವರು ಸಮಿತಿಯ ಬೆರಳಚ್ಚುಗಾರ್ತಿ. ಅವರ ವಿವರಣೆಯನ್ನು ಕೇಳಲಾಗಿದೆ.

9. ಸರೋವರವನ್ನು ನೋಡಬಯಸುವ ಖಾಸಗಿ ವ್ಯಕ್ತಿಗಳು ‘ವೀಕ್ಷಣಾ ನಮೂನೆ’ಯನ್ನು ಓದಿ, ಸ್ವಂತ ಕೈಯಿಂದ ಭರ್ತಿ ಮಾಡಿ, ನೋಡುವ ಉದ್ದೇಶ, ನೋಡುವ ದಿಕ್ಕು, ಹಿಂದೆ ನೋಡಿದ್ದರೆ ಮತ್ತೆ ನೋಡಲು ಕಾರಣ, ಇವುಗಳನ್ನು ಸ್ಪಷ್ಟವಾಗಿ ಬರೆಯತಕ್ಕದ್ದು. ನಮೂನೆಯನ್ನು ಬೇರೆಯವರು ಓದಿ ಹೇಳುವಂತಿಲ್ಲ.

10. ಮೇಲ್ಕಂಡ ಎರಡು ನಿಯಮಗಳನ್ನು ಸೋಮವಾರವೇ ಜಾರಿಗೆ ತರಲಾಯಿತು. ಆ ಸಂದರ್ಭದ ನಡಾವಳಿಯನ್ನು ಎಲ್ಲರ ತಿಳಿವಳಿಕೆಗಾಗಿ ಇಲ್ಲಿ ಕೊಡಲಾಗಿದೆ. ಓದಿ ನಗುವವರ ವಿರುದ್ಧ ಕ್ರಮ ಜರುಗಿಸಲಾಗುವುದು.

9.05ಕ್ಕೆ ದಂಪತಿಗಳು ಎರಡು ಬ್ಯಾಗುಗಳೊಂದಿಗೆ ಹೋಟೆಲಿನ ಮೆಟ್ಟಿಲು ಹತ್ತಿದರು. ಮೆಟ್ಟಿಲು ಎಷ್ಟೆಂದು ಪತಿಗೆ ಬಾಯಿಪಾಠವಿದ್ದು, ಕೈ ಹಿಡಿಸಿಕೊಳ್ಳದೆ ಹತ್ತಿದರು. ಮಾಲೀಕರು ಇಳಿದು ಹೋಗಿ, “ಟೀಚರಮ್ಮ, ಬ್ಯಾಗ್ ಇಲ್ಲಿ ಕೊಡಿ” ಎಂದರು. ಸಮಿತಿಯ ಮುಖ್ಯಸ್ಥರು ಬಾಗಿಲಲ್ಲಿ ಕೈ ಅಡ್ಡ ಹಿಡಿದು, “ಒಂಬತ್ತಕ್ಕೆ ಬಿಡೋ ಹಾಗಿಲ್ಲ. ಅಲ್ಲಿ ಕಡತ ಇದೆ” ಎಂದು ಸೂಚಿಸಿದರು.

“ಕಾಗದಕ್ಕೆ ಹಾಸಿಗೆ, ಮನುಷ್ಯರಿಗೆ ಬಾಗಿಲಾ?” (ಮಾಲೀಕರು. ದನಿ: ಜೋರು.)

“ನಮಗೆ ಕೋಣೆ ಬೇಡಪ್ಪಾ, ನೀನು ರೇಗಬೇಡ” ಎಂದು ಟೀಚರು ಮಾಲೀಕರ ತೋಳು ಹಿಡಿದರು. “ಇವರನ್ನ ಆ ಕಿಟಕಿ ಹತ್ರ ಒಂದೈದು ನಿಮಿಷ ನಿಲ್ಸಿ ಕರ್ಕೊಂಡು ಹೋಗ್ತೀನಿ. ಅಷ್ಟೇ.”

ಕೋರಿಕೆಯು ನಿಯಮ 9ರ ವ್ಯಾಪ್ತಿಗೆ ಬರುವುದರಿಂದ ಪತಿಯ ಕೈಗೆ ವೀಕ್ಷಣಾ ನಮೂನೆಯನ್ನು ನೀಡಲಾಯಿತು. ಅವರು ಅದನ್ನು ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು, ಬೆಳಕಿಗೆ ತಿರುಗಿಸಿದರು. ಟೀಚರು ಓದಿ ಹೇಳಲು ಬಗ್ಗಿದಾಗ ನಿಯಮವನ್ನು ನೆನಪಿಸಲಾಯಿತು. ಆಗ ಪತಿಯು ನಕ್ಕು, “ಸ್ವಾಮಿ, ಇದನ್ನ ಓದೋ ಕಣ್ಣಿದ್ದಿದ್ರೆ ಮುಂದಿನ ವರ್ಷವೇ ಬರ್ತಿದ್ದೆ” ಎಂದು ನಮೂನೆಯನ್ನು ನೀಟಾಗಿ ಮಡಚಿ ಮುಖ್ಯಸ್ಥರ ಕೈಗೇ ಹಿಂದಿರುಗಿಸಿದರು. ನಮೂನೆಯು ಭರ್ತಿಯಾಗದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಯಿತು.

ಇದಾದ ಮೇಲೆ ಮಾಲೀಕರು ಯಾವ ಅಭಿಪ್ರಾಯವನ್ನೂ ವ್ಯಕ್ತಪಡಿಸಲಿಲ್ಲ. ನಾಲ್ಕು ತಿಂಗಳು ಎಂಟು ದಿನಗಳಲ್ಲಿ ಇದೇ ಮೊದಲು. ಸಮಿತಿಯು ಇದನ್ನು ತನ್ನ ನಿಯಮಗಳ ಯಶಸ್ಸು ಎಂದು ದಾಖಲಿಸಿಕೊಂಡಿತು. ಅವರು ಎರಡೂ ಬ್ಯಾಗುಗಳನ್ನು ಹೆಗಲಿಗೇರಿಸಿ, ಅಡುಗೆಮನೆಯ ಕಡೆ ತಿರುಗಿ ತಮ್ಮ ಪತ್ನಿಯನ್ನು ಕೂಗಿದರು:

“ಏ, ಬಾ, ಹೊರಡೋಣ.”

“ಎಲ್ಲಿಗ್ರೀ? ಒಲೆ ಮೇಲೆ ಹಾಲಿದೆ.”

“ಉಕ್ಲಿ ಬಿಡು. ಇಳಿಸೋಕೆ ಹದಿನೇಳು ಜನ ಇದಾರೆ.”

ಪತ್ನಿಯು ಕೈ ಒರೆಸಿಕೊಳ್ಳುತ್ತ ಬಂದರು. ಅಕ್ಕ ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು, “ನಮ್ಮನೇಗೇ ಹೋಗೋಣ ನಡಿ, ಮಹಡಿ ಖಾಲಿ ಇದೆ” ಎಂದು ಮುಂದೆ ನಡೆದರು. ಮಾಲೀಕರು ಪತಿಯ ಕೈ ಹಿಡಿದು, “ನಿಧಾನ, ನಮ್ಮಕ್ಕನ ಮನೆ ಮೆಟ್ಟಿಲು ನಿಮಗೆ ಹೊಸದು, ಎಣಿಸ್ತಾ ಬನ್ನಿ” ಎಂದರು. ಐವರೂ ಗೇಟು ದಾಟಿ ಹೋದರು.

11. ಹಾಲು 9.20ಕ್ಕೆ ಉಕ್ಕಿತು. ಅದನ್ನು ಇಳಿಸಲು ಯಾವ ದರ್ಜೆಯ ಸದಸ್ಯರಿಗೆ ಅಧಿಕಾರವಿದೆ ಎಂಬುದು ಚರ್ಚೆಯಾಗುತ್ತಿರುವಾಗ ಒಲೆಯು ತಾನಾಗಿಯೇ ಆರಿತು. ಈ ವಿಷಯದಲ್ಲಿ ಒಲೆಯ ಸ್ವಂತ ನಿರ್ಧಾರವನ್ನು ಘಟನೋತ್ತರವಾಗಿ ಅನುಮೋದಿಸಲಾಗಿದೆ.

12. ಅಂದಿನಿಂದ ಸದಸ್ಯರು ಸರದಿಯಂತೆ ಮಾಲೀಕರ ಕರ್ತವ್ಯವನ್ನು ನಿರ್ವಹಿಸತಕ್ಕದ್ದು. ಸರದಿಯಲ್ಲಿರುವ ಸದಸ್ಯರು ಬೆಳಿಗ್ಗೆ ಎದ್ದು ಉಳಿದವರಿಗೆ ಟೀ ಕಾಯಿಸಿ, ಹಾಸಿಗೆ ಕೊಡವಿ, ಸೋಪು ಇಟ್ಟು, ಬಳಿಕ ಸ್ವತಃ ಅತಿಥಿಯಾಗಿ ಬಂದು ಕುಳಿತು ಇವೆಲ್ಲ ಸರಿಯಿಲ್ಲವೆಂದು ದೂರಬೇಕು. ಮಂಗಳವಾರ ಸರದಿಯಲ್ಲಿದ್ದ ಅಂಕಿಅಂಶದ ಸದಸ್ಯರು ಮಧ್ಯಾಹ್ನದ ಹೊತ್ತಿಗೇ ರಾಜಕೀಯದ ಬಗ್ಗೆ ಅಭಿಪ್ರಾಯ ವ್ಯಕ್ತಪಡಿಸತೊಡಗಿದ್ದು, ಅವರಿಗೆ ನಿಯಮ 2ರಂತೆ ಉಗ್ರಾಣದ ಗೋಡೆಯನ್ನು ತೋರಿಸಲಾಗಿದೆ.

13. ಮಾಲೀಕರನ್ನು ಹಿಂದಕ್ಕೆ ಕರೆತರಲು ಬುಧವಾರ ಬೆರಳಚ್ಚುಗಾರ್ತಿಯನ್ನು ಅಕ್ಕನ ಮನೆಗೆ ಕಳುಹಿಸಲಾಯಿತು. ಅವರು ಮಧ್ಯಾಹ್ನ ಒಂದು ಚೀಟಿ ಕಳುಹಿಸಿರುತ್ತಾರೆ. ಅದರ ಒಕ್ಕಣೆ: ‘ಮಹಡಿ ಕಿಟಕಿಯಿಂದ ಸರೋವರ ಅರ್ಧ ಮಾತ್ರ ಕಾಣುತ್ತೆ ಸಾರ್. ಉಳಿದರ್ಧ ಎಲ್ಲೆಲ್ಲಿ ಏನೇನಿದೆ ಅಂತ ಟೀಚರು ಹೇಳ್ತಾ ಇದಾರೆ, ಅವರ ಯಜಮಾನ್ರು ತಲೆ ಆಡಿಸ್ತಾ ಇದಾರೆ. ಮಾಲೀಕರು ಬಾಗಿಲ ಹೊರಗೆ ನಿಂತು ಕಣ್ಣು ಒರೆಸ್ಕೊಳ್ತಿದ್ರು. ಮಾತಾಡಿಸೋಕೆ ನಂಗಾಗ್ಲಿಲ್ಲ.’ ಅರ್ಧ ಸರೋವರವನ್ನು ಸರೋವರವೆಂದು ಪರಿಗಣಿಸಬಹುದೇ ಎಂಬ ಬಗ್ಗೆ ಸ್ಪಷ್ಟೀಕರಣ ಕೋರಲಾಗಿದೆ. ಬೆರಳಚ್ಚುಗಾರ್ತಿಯೂ ಮರಳದ ಕಾರಣ ಈ ಸುತ್ತೋಲೆಯನ್ನು ಕೈಬರಹದಲ್ಲಿ ಹೊರಡಿಸಲಾಗಿದೆ.

14. ಈ ಸುತ್ತೋಲೆ ಕೈಸೇರಿದ ಕೂಡಲೇ ಮಾಲೀಕರು ಹಾಜರಾಗಿ, ಇದರಲ್ಲಿರುವ ಎಲ್ಲ ನಿಯಮಗಳಿಗೆ ಬದ್ಧರಾಗಿ, ಕೂಡಲೇ ಅಡುಗೆಗೆ ವ್ಯವಸ್ಥೆ ಮಾಡತಕ್ಕದ್ದು ಎಂದು ಕಟ್ಟುನಿಟ್ಟಾಗಿ ಆದೇಶಿಸಲಾಗಿದೆ. ದಯವಿಟ್ಟು.

ಗುರುವಾರ ಸಂಜೆಯವರೆಗೆ ಮಾಲೀಕರು ಹಿಂದಿರುಗಿರುವುದಿಲ್ಲ.

ಸಹಿ/-
(ಓದಲಾಗುತ್ತಿಲ್ಲ)
ಸಮಿತಿಯ ಮುಖ್ಯಸ್ಥರು, ಹಾಗೂ ಇಂದಿನ ಸರದಿಯಂತೆ ಪಾತ್ರೆ ತೊಳೆಯುವವರು

ಪ್ರತಿಗಳು:

1. ಮಾನ್ಯ ಮಂತ್ರಿಗಳಿಗೆ, ಇಟ್ಟಿಗೆ ಭಟ್ಟಿಯ ಉದ್ಘಾಟನೆಗೆ ದಿನ ನೀಡುವ ಕೋರಿಕೆಯೊಂದಿಗೆ.
2. ನಾಲ್ಕೂ ಉಪಸಮಿತಿಗಳಿಗೆ, ಅಲ್ಲಿನ ಮಾಲೀಕರು ಇನ್ನೂ ಇದ್ದಾರೆಯೇ ಎಂದು ನೋಡಿ ತಿಳಿಸಲು.
3. ಅಂಕಿಅಂಶದ ಸದಸ್ಯರಿಗೆ, ಗೋಡೆಯ ಕಡೆಯಿಂದ ಇತ್ತ ತಿರುಗಬಹುದೆಂಬ ಅನುಮತಿಯೊಂದಿಗೆ.
4. ಮಾಲೀಕರ ಅಕ್ಕನಿಗೆ, ಮುಖ್ಯಸ್ಥರ ಅಂಗಿಗಳು ಇನ್ನೂ ಬಕೆಟ್ಟಿನಲ್ಲೇ ಇರುವ ಬಗ್ಗೆ.
5. ಮಾಲೀಕರಿಗೆ, ಖುದ್ದಾಗಿ. (ಲಕೋಟೆ ತೆರೆಯದೆ ಹಿಂದಿರುಗಿದೆ. ಮಾಲೀಕರು ಹಿಂದಿರುಗಿಲ್ಲ.)
6. ಕಚೇರಿ ಪ್ರತಿ, ಒಂಬತ್ತನೇ ಕೋಣೆ, ಮಂಚದ ಮೇಲೆ.