ಸೊಟ್ಟ ಮಾಡಿದ್ರೇನೇ ನೆಟ್ಟಗೆ ಓಡೋ ಕಾರು

ಬೆಂಗಳೂರಿನ ಹೂಡೀಲಿ ನಮ್ದೊಂದು ವ್ಹೀಲ್ ಅಲೈನ್‌ಮೆಂಟ್ ಅಂಗಡಿ. ಕಾರಿನ ಚಕ್ರ ನೇರ ಮಾಡೋದು ಕಸುಬು. ಆದ್ರೆ ಚಕ್ರದ ಜೊತೆ ಬರೋ ಜನರನ್ನ ನೇರ ಮಾಡೋ ಮಷೀನು ಇನ್ನೂ ಯಾರೂ ಕಂಡುಹಿಡಿದಿಲ್ಲ ನೋಡಿ, ಅದಕ್ಕೇ ನಮ್ಮಲ್ಲಿ ತಮಾಷೆಗೆ ಬರ ಇಲ್ಲ. ಅದ್ರಲ್ಲೂ ಆ ಕೆಂಪು ಕಾರು ಬಂದ ವಾರ ಇದ್ಯಲ್ಲ, ಅಬ್ಬಬ್ಬಾ! ನೆನೆಸಿಕೊಂಡ್ರೆ ಈಗ್ಲೂ ಮೈ ಜುಮ್ ಅನ್ನತ್ತೆ, ಜೊತೆಗೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗತ್ತೆ.

ಬೋರ್ಡು ನಿಜ ಆಗೋಯ್ತು

ಅಂಗಡಿ ಶುರು ಮಾಡಿದಾಗ ನನ್ನ ಪಾರ್ಟ್ನರ್ ಬೋರ್ಡಲ್ಲಿ 'ಸ್ಪೋರ್ಟ್ಸ್ ಕಾರ್ ಸ್ಪೆಷಲಿಸ್ಟ್' ಅಂತ ಬರೆಸಿಬಿಟ್ಟಿದ್ದ. "ಯಾಕೋ ಮಗಾ, ನಾವ್ ಯಾವ ಸ್ಪೋರ್ಟ್ಸ್ ಕಾರ್ ಮುಟ್ಟಿದೀವಿ?" ಅಂದ್ರೆ, "ಸುಮ್ನಿರು ಗುರು, ಸುತ್ತ ಟೆಕ್ ಪಾರ್ಕು, ಗತ್ತಾಗಿರತ್ತೆ" ಅಂದ. ಬರ್ತಾ ಇದ್ದಿದ್ದೆಲ್ಲ ಗುಂಡಿಗೆ ಬಿದ್ದು ಎಳೆಯೋ ಟ್ಯಾಕ್ಸಿಗಳೇ.

ಒಂದಿನ ಬೆಳಿಗ್ಗೆ ಬಂತು ನೋಡಿ, ನೆಲಕ್ಕಂಟಿಕೊಂಡಂಗೆ ಇರೋ ಎರಡು ಸೀಟಿನ ಕೆಂಪು ಕಾರು! ಓಡಿಸ್ತಾ ಇದ್ದಿದ್ದು ಮಹದೇವಪುರದಲ್ಲಿ ಕೆಲಸ ಮಾಡೋ ಒಬ್ಬ ಮೇಡಂ. ಇಳಿದು, "ಬೋರ್ಡ್ ನೋಡಿ ಬಂದೆ ಅಣ್ಣ" ಅಂದ್ರು. ನನ್ನ ಪಾರ್ಟ್ನರ್ ತಿರುಗಿ ಬೋರ್ಡನ್ನೇ ನೋಡ್ದ, ಯಾರೋ ಬೇರೆಯವರು ಬರೆದು ಹೋದ್ರೇನೋ ಅನ್ನೋ ಹಂಗೆ.

ವಿಷಯ ಏನಪ್ಪಾ ಅಂದ್ರೆ, ಭಾನುವಾರ ಜಿಗಣಿ ಹತ್ರ ಒಂದು ಮೈದಾನದಲ್ಲಿ ಸ್ಪರ್ಧೆ. ಪ್ಲಾಸ್ಟಿಕ್ ಕೋನ್ ಇಟ್ಟಿರ್ತಾರೆ, ಅದ್ರ ಮಧ್ಯೆ ಹಾವಿನ ಥರ ಗಾಡಿ ನುಗ್ಗಿಸಬೇಕು, ಕೋನ್ ಬೀಳಿಸದೆ ಯಾರು ಬೇಗ ಮುಗಿಸ್ತಾರೋ ಅವರು ಗೆದ್ದಂಗೆ. ಆದ್ರೆ ಮೇಡಂ ಕಾರು ತಿರುಗು ಅಂದ್ರೆ ಯೋಚನೆ ಮಾಡಿ ತಿರುಗ್ತಿತ್ತು. ಅದರ ಮೇಲೆ ಗದಗದಿಂದ ಅಪ್ಪ ಅಮ್ಮ ಬಂದು ಕೂತಿದಾರೆ. ಅಪ್ಪಂದು ಒಂದೇ ಮಾತು: "ಮನಿಯಾಗ ಮೂರು ಮಂದಿ, ಗಾಡಿಗೆ ಎರಡು ಸೀಟು. ನಿಮ್ಮವ್ವ ಎಲ್ಲಿ ಕುಂದ್ರಬೇಕು? ಭಾನುವಾರ ಮೊದಲ ಮೂರರಾಗ ಬಂದ್ರ ಇಟ್ಕೊ. ಇಲ್ಲಾಂದ್ರ ಮಾರಿ, ಎಲ್ಲಾರೂ ಕೂಡೋ ಗಾಡಿ ತಗೋ."

"ಚಿಕ್ಕೋಳಿದ್ದಾಗಿಂದ ಆಸೆ ಅಣ್ಣ ಈ ಕಾರು" ಅನ್ನುವಾಗ ಮೇಡಂ ಕಣ್ಣು ತುಂಬಿಬಂತು. "ಬಿಟ್ಹೋಗಿ ಮೇಡಂ, ಕಾರ್ ಹೆಂಗ್ ತಿರುಗಲ್ವೋ ನೋಡ್ತೀನಿ" ಅಂದ್ಬಿಟ್ಟೆ.

ಅಂದಿದ್ದೇನೋ ಅಂದೆ, ಕಾರು ರ‍್ಯಾಂಪ್ ಹತ್ತಬೇಕಲ್ಲ? ಮೂತಿ ಅಷ್ಟು ತಗ್ಗು, ಮುಂದೆ ಬಂದ್ರೆ ಕರ್ ಅಂತ ತಾಗ್ತಿತ್ತು. ಪಕ್ಕದಲ್ಲಿ ಬಡಗಿ ಅಂಗಡಿ. ಪಾರ್ಟ್ನರ್ ಓಡಿಹೋಗಿ ಅಲ್ಲಿ ಒರಗಿಸಿಟ್ಟಿದ್ದ ದಪ್ಪ ತೇಗದ ಬಾಗಿಲನ್ನೇ ಎತ್ಕೊಂಡು ಬಂದು ರ‍್ಯಾಂಪಿಗೆ ಹಾಸಿಬಿಟ್ಟ. ಕಾರು ಅದರ ಮೇಲೆ ಮೆತ್ತಗೆ ಹತ್ತೋ ಹೊತ್ತಿಗೆ ಸರಿಯಾಗಿ, ಆ ಬಾಗಿಲು ಮಾಡಿಸಿದ್ದ ಯಜಮಾನ್ರು ಎದುರಿಗೆ ಬಂದು ನಿಂತ್ರು. "ಅಯ್ಯಯ್ಯೋ! ನನ್ನ ಹೊಸ ಮನೆ ಸಿಂಹದ್ವಾರ ಕಣ್ರೀ ಅದು!"

ನಾನು ನಾಲಿಗೆ ಕಚ್ಚಿಕೊಂಡೆ. ಬಡಗಿ ಮಾತ್ರ ತಣ್ಣಗೆ ಕೈ ಮುಗಿದು ಹೇಳ್ದ: "ಗೃಹಪ್ರವೇಶಕ್ಕೆ ಮುಂಚೇನೇ ನಿಮ್ ಬಾಗಿಲಲ್ಲಿ ಲಕ್ಷ್ಮಿ ಬಂದ್ಳು ಸಾರ್. ಅದೂ ಕೆಂಪು ಸೀರೆ ಉಟ್ಕೊಂಡು!"

ಟೋ ಔಟ್

ಮುಂದಿನ ಚಕ್ರ ಎರಡನ್ನೂ ಮೇಲಿಂದ ನೋಡಿದ್ರೆ ನಮ್ಮ ಪಾದದ ಥರಾನೇ. ಬೆರಳು ಒಳಮುಖ ಇದ್ರೆ ಟೋ ಇನ್, ಹೊರಮುಖ ಇದ್ರೆ ಟೋ ಔಟ್. ಮನೆ ಕಾರಿಗೆ ಅದು ಬೇಡ, ಟೈರು ತಿಂದುಹಾಕತ್ತೆ. ಆದ್ರೆ ಕೋನ್ ಸುತ್ತೋ ಕಾರಿಗೆ ಒಂಚೂರು ಟೋ ಔಟ್ ಕೊಟ್ರೆ, ಸ್ಟಿಯರಿಂಗ್ ಮುಟ್ಟೋದೇ ತಡ, ಸರಕ್ ಅಂತ ತಿರುಗತ್ತೆ.

ಮೇಡಂನ ಒಂದ್ಮಾತು ಕೇಳಿಬಿಡೋಣ ಅಂತ ಪಾರ್ಟ್ನರ್ ಫೋನ್ ಮಾಡ್ದ. ಅವರು ಮೀಟಿಂಗಲ್ಲಿ. ಮನೆಯವರ ನಂಬರೂ ಕೊಟ್ಟಿದ್ರಲ್ಲ, ಅದಕ್ಕೆ ಮಾಡ್ದ. ಎತ್ತಿದ್ದು ಅಪ್ಪ. ಇವನ ಗಂಟಲೋ, ಸಂತೆ ಗಂಟಲು: "ಸಾರ್, ನಿಮ್ ಮಗಳ ಕೆಂಪು ಕಾರು ಟೋ ಔಟ್ ಮಾಡ್ತಾ ಇದೀವಿ, ಹೇಳ್ಬಿಡಿ!" ಅಂದು ಇಟ್ಟ.

ಸ್ವಲ್ಪ ಹೊತ್ತಿಗೆ ಅಂಗಡಿ ಮುಂದೆ ಒಂದು ಆಟೋ ನಿಲ್ತು. ಹಣೆ ತುಂಬ ವಿಭೂತಿ ಹಚ್ಚಿದ ಹಿರಿಯರೊಬ್ಬರು, ಜೊತೆಗೆ ಒಬ್ಬ ಟ್ರಾಫಿಕ್ ಪೊಲೀಸು. ಪಾಪ, ಮೇಡಂ ಅಪ್ಪ ಅವರು, ಪೊಲೀಸ್ನೋರು ಗಾಡಿ ಟೋ ಮಾಡಿ ಎತ್ಕೊಂಡು ಹೋದ್ರು ಅಂದ್ಕೊಂಡು ಸೀದಾ ಠಾಣೆಗೆ ಹೋಗಿ, "ನನ್ನ ಮಗಳ ಗಾಡಿ ಎಲ್ಲಿಟ್ಟೀರಿ, ತೋರಸ್ರಿ" ಅಂತ ಪಟ್ಟು ಹಿಡಿದು ಕೂತಿದ್ರಂತೆ. "ನಾವು ಎತ್ತೇ ಇಲ್ಲ" ಅಂತ ಪೊಲೀಸ್ನೋರು ಅಂದ್ರೂ ಕೇಳಿಲ್ಲ. "ಹಂಗಾದ್ರ ಫೋನ್ ಮಾಡಿದೋನು ಯಾರು?" ಅಂತ ಮಗಳಿಂದ ಅಂಗಡಿ ಗುರುತು ತಿಳ್ಕೊಂಡು, ಪೊಲೀಸ್ನೇ ಕರ್ಕೊಂಡು ಬಂದಿದಾರೆ!

ಕಾರು ರ‍್ಯಾಂಪ್ ಮೇಲೆ ಆರಾಮಾಗಿ ನಿಂತಿತ್ತು. ನಾನು ಬಗ್ಗಿ, ಚಕ್ರ ತೋರಿಸಿ, ಟೋ ಅಂದ್ರೇನು ಅಂತ ಬಿಡಿಸಿ ಹೇಳಿದೆ. ಪೊಲೀಸಪ್ಪ ಎಲ್ಲಾ ಕೇಳಿ, ಟೋಪಿ ತೆಗೆದು ಬೆವರೊರೆಸಿಕೊಂಡು ಅಂದ: "ನೋಡ್ರಪ್ಪಾ, ಟೋ ಮಾಡೋದು ನಮ್ ಕೆಲ್ಸ. ಜನ ನಮ್ಮನ್ನ ಬೈಯೋದೇ ಸಾಕಾಗಿದೆ, ನಿಮ್ ಟೋಗೂ ನಾವೇ ಬೈಸ್ಕೊಬೇಕಾ?"

ರೇಸ್ ಸೆಟ್ಟಿಂಗು

ಪೊಲೀಸ್ ಹೋದ್ರು, ಅಪ್ಪಾರು ಹೋಗ್ಲಿಲ್ಲ. ಸ್ಟೂಲ್ ಎಳ್ಕೊಂಡು ಕೂತ್ರು. ನಾನು ಚಕ್ರದ ತಲೆ ಒಳಗಡೆ ವಾಲಿಸ್ತಾ (ಇದಕ್ಕೆ ನಮ್ಮ ಕಸುಬಲ್ಲಿ ನೆಗೆಟಿವ್ ಅಂತಾರೆ), "ನೆಗೆಟಿವ್ ಇನ್ನೊಂಚೂರು ಬರ್ಲಿ" ಅಂದೆ ಪಾರ್ಟ್ನರಿಗೆ. ಅಪ್ಪಾರಿಗೆ ತಡೀಲಿಲ್ಲ.

"ಏನ್ರೀಪಾ, ಬಾಯಿಬಿಟ್ರ ನೆಗೆಟಿವ್ ಅಂತೀರಿ? ಪಾಸಿಟಿವ್ ಮಾಡ್ರಿ. ನೆಟ್ಟಗಿದ್ದ ಚಕ್ರ ಸೊಟ್ಟ ಮಾಡಾಕ ಇಷ್ಟು ದೊಡ್ಡ ಮಷೀನ್ ಬೇಕೇನು?"

"ಸಾರ್, ರಶ್ ಬಸ್ಸಲ್ಲಿ ಹೆಂಗ್ ನಿಲ್ತೀರಾ?" ಅಂದೆ. ಎದ್ದು ಕಾಲು ಅಗಲಿಸಿ ನಿಂತು ತೋರಿಸಿದ್ರು. "ಅಷ್ಟೇ ಸಾರ್ ಇದು. ಕಾರು ತಿರುಗುವಾಗ ಮೈಯೆಲ್ಲ ಹೊರಗಡೆ ವಾಲತ್ತೆ. ಚಕ್ರ ಮೊದ್ಲೇ ಹಿಂಗೆ ಕಾಲು ಅಗಲಿಸಿ ನಿಂತಿದ್ರೆ ಟೈರು ಪೂರ್ತಿ ರೋಡಿಗೆ ಕೂರತ್ತೆ."

ಅಪ್ಪಾರು ಕಾರಿನ ಚಕ್ರ ನೋಡಿದ್ರು, ತಮ್ಮ ಕಾಲು ನೋಡಿಕೊಂಡ್ರು, ಮತ್ತೆ ಚಕ್ರ ನೋಡಿದ್ರು. "ಮೊಣಕಾಲು ಸೊಟ್ಟ ಆಗ್ಯಾವು, ಆಪರೇಶನ್ ಮಾಡಸ್ಕೋರಿ ಅಂತ ಡಾಕ್ಟರ್ ಗಂಟು ಬಿದ್ದಾನ. ಈಗ ತಿಳೀತು ತಮ್ಮಾ, ನಾನು ರೇಸ್ ಸೆಟ್ಟಿಂಗ್‌ನಾಗ ಅದೀನಿ!"

ಮೇಡಂ ತೂಕ

ಇಂಥ ಕಾರಿಗೆ ಓಡಿಸೋರ ಭಾರ ಸೀಟಲ್ಲಿಟ್ಟೇ ಅಲೈನ್‌ಮೆಂಟ್ ಮಾಡಬೇಕು. ಮೇಡಂ ಆಫೀಸಲ್ಲಿ. ಅವರ ಬದ್ಲು ದಿನಸಿ ಅಂಗಡಿಯಿಂದ ಅಕ್ಕಿ ಚೀಲ ತಂದಿಟ್ವಿ. ಎಷ್ಟು ಕೆಜಿ ಇಡಬೇಕು? ಹೆಣ್ಮಕ್ಳನ್ನ ತೂಕ ಕೇಳೋ ಧೈರ್ಯ ಯಾರಿಗಿದೆ ಹೇಳಿ? ಪಾರ್ಟ್ನರ್ ಟೀ ತರ್ತೀನಿ ಅಂತ ಜಾಗ ಖಾಲಿ ಮಾಡ್ದ. ನಾನೇ ಫೋನ್ ಮಾಡಿ ಸ್ಪೀಕರಲ್ಲಿ ಹಾಕಿ, "ಮೇಡಂ... ಅದೂ... ನಿಮ್ ಲೋಡ್ ಎಷ್ಟು?" ಅಂದೆ.

ಆ ಕಡೆಯಿಂದ ಮೆಲ್ಲಗೆ, "ಐವತ್ತೆರಡು" ಅಂದ್ರು.

ಅಪ್ಪಾರು ಸಕ್ಕರೆ ಫ್ಯಾಕ್ಟರೀಲಿ ವೇಬ್ರಿಡ್ಜ್ ನೋಡ್ಕೊಂಡಿದ್ದೋರು, ಜೀವಮಾನ ಪೂರ್ತಿ ಕಬ್ಬಿನ ಲಾರಿ ತೂಗಿದೋರು. ಸುಮ್ನಿರ್ತಾರಾ? "ಅದು ಪಿಯುಸಿದಾಗಿನ ತೂಕ! ಇನ್ನೊಂದು ಸಣ್ಣ ಚೀಲ ಹಾಕ್ರಿ!"

"ಅಪ್ಪಾ!" ಅಂತ ಫೋನು ಕಿರುಚಿತು.

ಅಷ್ಟಕ್ಕೂ ಸಮಾಧಾನ ಆಗದೆ, ಚೀಲ ಸರಿಯಾಗಿ ಕೂತಿದ್ಯಾ ನೋಡ್ತೀನಿ ಅಂತ ಅಪ್ಪಾರು ಪಕ್ಕದ ಎಡಗಡೆ ಸೀಟಲ್ಲಿ ಹೋಗಿ ಕೂತ್ರು. ಕೂತಿದ್ದೇನೋ ಕೂತ್ರು, ಏಳೋಕಾಗ್ಲಿಲ್ಲ. ಸೀಟು ನೆಲದ ಹತ್ರ, ಮೊಣಕಾಲು ರೇಸ್ ಸೆಟ್ಟಿಂಗಲ್ಲಿ. "ಇರ್ಲಿ ಬಿಡ್ರಿ, ಕೆಲಸ ಮುಗಸ್ರಿ, ಆಮ್ಯಾಲ ಎಬ್ಬಸ್ರಿ" ಅಂದೋರು ಅಲ್ಲೇ ಗೊರಕೆ ಹೊಡೆದ್ರು. ನಾವು ಹಂಗೇ ಎಲ್ಲಾ ಸೆಟ್ ಮಾಡಿದ್ವಿ. ಮಷೀನ್ ಸ್ಕ್ರೀನ್ ಪೂರ್ತಿ ಹಸಿರು, ಅಂದ್ರೆ ಎಲ್ಲಾ ಲೆಕ್ಕ ಸರಿ!

ಸಂಜೆ ಮೇಡಂ ಬಂದು, "ಕಾರ್ ರೆಡೀನಾ? ಅಪ್ಪ ಎಲ್ಲಿ?" ಅಂದ್ರು. ಪಾರ್ಟ್ನರ್ ರ‍್ಯಾಂಪ್ ಕಡೆ ಕೈ ತೋರಿಸ್ದ: "ಎರಡೂ ಒಟ್ಟಿಗೇ ಡೆಲಿವರಿ ಮೇಡಂ."

ಎಡಗಡೆ ಲೋಡು

ಭಾನುವಾರ ಅಂಗಡಿಗೆ ಬೀಗ ಜಡಿದು ನಾವಿಬ್ರೂ ಜಿಗಣಿಗೆ ಹೊರಟ್ವಿ. ಮೈದಾನದ ತುಂಬ ಕಾರುಗಳು, ಟೈರ್ ಸುಟ್ಟ ವಾಸನೆ, ಶಿಳ್ಳೆ. ಅಪ್ಪಾರು ಪ್ಲಾಸ್ಟಿಕ್ ಕುರ್ಚೀಲಿ ಕೂತು ರೊಟ್ಟಿ ತಿಂತಿದ್ರು, ಪಕ್ಕದಲ್ಲಿ ಅಮ್ಮಾರು ಬುತ್ತಿ ಬಿಚ್ಚಿಕೊಂಡಿದ್ರು.

ಒಬ್ಬೊಬ್ಬರಿಗೆ ಎರಡು ಚಾನ್ಸು. ಮೊದಲನೇದ್ರಲ್ಲಿ ಮೇಡಂ ಹೊರಟ್ರು. ಬಲಕ್ಕೆ ತಿರುಗಿಸಿದ್ರೆ ಸಕ್ಕತ್, ಎಡಕ್ಕೆ ತಿರುಗಿಸಿದ್ರೆ ಕಾರು ಮುನಿಸಿಕೊಂಡಂಗೆ ಆಡ್ತಿತ್ತು. ಎರಡು ಕೋನ್ ಹಾರಿಹೋದ್ವು. ಪಟ್ಟೀಲಿ ಮೇಡಂ ಹೆಸರು ಎಲ್ಲೋ ಕೆಳಗೆ. ಕಾರಿಂದ ಇಳಿದು ನನ್ನ ಮುಖ ನೋಡಿದ್ರು ನೋಡಿ, ನೆಲ ಬಾಯಿಬಿಡಬಾರದಾ ಅನ್ನಿಸ್ತು. "ಗುರು, ಬೋರ್ಡ್ ಅಳಿಸಿಬಿಡೋಣ್ವಾ?" ಅಂತ ಪಾರ್ಟ್ನರ್ ಕಿವೀಲಿ ಉಸುರಿದ.

ಅಪ್ಪಾರು ಗೆದ್ದಂಗೇ. ಸುಮ್ನೆ ರೊಟ್ಟಿ ತಿನ್ನಬಹುದಿತ್ತು. ಆದ್ರೆ ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ! "ಎಡಗಡಿ ಲೋಡ್ ಕಮ್ಮಿ ಐತಿ, ಅದಕ್ಕ ಹಂಗ ಆಡಾಕತ್ತೈತಿ. ಸೆಟ್ ಮಾಡುವಾಗ ಇದ್ದ ಲೋಡು ಈಗ..." ಅಂದೋರು ತಟಕ್ಕನೆ ನಿಲ್ಲಿಸಿದ್ರು. ರೊಟ್ಟಿ ಬಾಯಲ್ಲೇ ಉಳೀತು.

ನಾವೆಲ್ಲ ಅವರ ಕಡೆ ತಿರುಗಿದ್ವಿ. ಎಡಗಡೆ ಲೋಡು ಅವರೇ!

"ಸಾರ್, ದಮ್ಮಯ್ಯ, ಅಕ್ಕಿ ಚೀಲ ಹೂಡೀಲಿದೆ. ಇಲ್ಲಿರೋದು ನೀವೊಬ್ರೇ!" ಅಂದೆ. ಪಕ್ಕದಲ್ಲಿ ಒಬ್ಬರನ್ನ ಕೂರಿಸಿಕೊಳ್ಳಬಹುದು, ಹೆಲ್ಮೆಟ್ ಇದ್ರಾಯ್ತು ಅಂತ ಸ್ಪರ್ಧೆ ನಡೆಸೋರೂ ಒಪ್ಪಿದ್ರು.

"ನಾ ಒಲ್ಲೆ. ನಾನ ಕುಂತು ನಾನ ಸೋಲಬೇಕೇನು?"

ಅಲ್ಲೀವರೆಗೂ ಸುಮ್ನಿದ್ದ ಅಮ್ಮಾರು ಬುತ್ತಿ ಕಟ್ತಾ ಕಟ್ತಾ ಅಂದ್ರು: "ತೂಕದಾಗ ಮೋಸ ಮಾಡಬಾರದು ಅಂತ ಊರಿಗೆಲ್ಲ ಹೇಳಿದೋರು ಯಾರ್ರೀ?"

ಅಪ್ಪಾರು ಎದ್ರು. ವಿಭೂತಿ ಮೇಲೆ ಹೆಲ್ಮೆಟ್ ಏರಿತು. ಸೀಟಿಗೆ ಇಳಿಸಿದ್ವಿ. ಬಾವುಟ ಬೀಸಿದ್ದೇ ಬೀಸಿದ್ದು, ಹೊರಡ್ತಪ್ಪಾ ಕಾರು! ಎಡಕ್ಕೆ ಸರಕ್, ಬಲಕ್ಕೆ ಸರಕ್, ಒಂದು ಕೋನೂ ಅಲ್ಲಾಡ್ಲಿಲ್ಲ. ಒಳಗಿಂದ "ಶಿವಾ! ಶಿವಾ!" ಅನ್ನೋದು ನಮಗೂ ಕೇಳಿಸ್ತಿತ್ತು. ನಾನು ಕುಣಿದೇಬಿಟ್ಟೆ, ನನ್ನ ಪಾರ್ಟ್ನರ್ ಯಾರನ್ನೋ ಗುರುತಿಲ್ಲದೋರನ್ನ ತಬ್ಕೊಂಡಿದ್ದ. ಮೈಕಲ್ಲಿ ಕೂಗಿದ್ರು: ಮೂರನೇ ಸ್ಥಾನ!

ಮೇಡಂ ಇಳಿದು ಅಳ್ತಾ ನಗ್ತಾ ಓಡಿಬಂದ್ರು. ನಾವು ಅಪ್ಪಾರನ್ನ ಎತ್ತೋಕೆ ಕೈ ಚಾಚಿದ್ವಿ. ಅವರು ಸೀಟು ಬಿಗಿಯಾಗಿ ಹಿಡ್ಕೊಂಡ್ರು. "ಬ್ಯಾಡ, ಎತ್ತಬ್ಯಾಡ್ರಿ. ಇನ್ನೊಂದು ರೌಂಡ್ ಹೊಡೀಲಿ!"

"ಮತ್ತೆ ಎಲ್ಲಾರೂ ಕೂಡೋ ಗಾಡಿ ಬೇಕಂದಿದ್ರಿ ಅಪ್ಪಾ? ಅವ್ವ ಎಲ್ಲಿ ಕುಂದ್ರಬೇಕು?" ಅಂದ್ರು ಮೇಡಂ.

"ಎರಡ ಸೀಟು ಸಾಕವ್ವ ಇದಕ್ಕ. ಲೋಡ್ ಜಾಸ್ತಿ ಆದ್ರ ಸೆಟ್ಟಿಂಗ್ ಕೆಡತೈತಿ. ನಿಮ್ಮವ್ವ ಆಟೋದಾಗ ಬರ್ಲಿ."

ಅಮ್ಮಾರು ಬುತ್ತಿ ಗಂಟು ಕಂಕುಳಿಗೆ ಏರಿಸಿಕೊಂಡು ಕಾರಿನ ಕಿಟಕಿ ಹತ್ರ ಬಗ್ಗಿದ್ರು. "ಆಟೋದಾಗ ಬರ್ತೀನಿ, ಅದಕ್ಕೇನಂತ. ನೀವು ಮೊದಲ ಮನೀಗೆ ನಡೀರಿ. ನಿಮ್ಮ ಅಲೈನ್‌ಮೆಂಟ್ ನಾ ಮಾಡ್ತೀನಿ!"