ಅತ್ತೆ, ಮಾವ ಮತ್ತು ಸೋರುವ ಗೇರ್ ಬಾಕ್ಸ್

ನಮ್ಮ ಸೋದರತ್ತೆಯ ಮುಖ ಕಂಡವರಿಗಿಂತ ಅಂಗಾಲು ಕಂಡವರೇ ಚಿಕ್ಕಬಳ್ಳಾಪುರದಲ್ಲಿ ಹೆಚ್ಚು! ಸುಳ್ಳಲ್ಲ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೈಸ್ಕೂಲಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿ ಅವರ ಮನೆಯಲ್ಲೇ ಬಿಡಾರ ಹೂಡಿದ್ದ ನಾನು, ದಿನಾ ಬೆಳಿಗ್ಗೆ "ಅತ್ತೆ, ಬರ್ತೀನಿ" ಎಂದು ಹೇಳಿ ಹೊರಡುತ್ತಿದ್ದುದು ಬಾಗಿಲ ಮುಂದಿನ ಹಳೇ ಕಾರಿನ ಅಡಿಯಿಂದ ಚಾಚಿದ್ದ ಆ ಎರಡು ಪಾದಗಳಿಗೇ.

ಕಾರು ಮಾವನದು. ಮಾವ ವಕೀಲರು. ಅವರಿಗೆ ಓಡಿಸುವುದಷ್ಟೇ ಗೊತ್ತು. ಉಳಿದದ್ದೆಲ್ಲ ಅತ್ತೆಯ ಪಾಲು. ಅದರ ಗೇರ್ ಬಾಕ್ಸ್ ಸೋರುತ್ತಿತ್ತು. ಹೇಗೆ ಸೋರುತ್ತಿತ್ತು ಅಂತೀರಿ! ಬೇರೆಯವರ ಮನೆ ಮುಂದೆ ಬಿಳಿ ರಂಗೋಲಿ, ನಮ್ಮ ಮನೆ ಮುಂದೆ ಕಪ್ಪು ರಂಗೋಲಿ! ಅತ್ತೆ ಅದಕ್ಕೆ ಬೆರಳದ್ದಿ ಮೂಸುವರು. "ಇಂಜಿನ್ ಆಯಿಲ್ ಅಲ್ಲ ಕಣೋ. ಬೆಂಕಿಕಡ್ಡಿ ವಾಸನೆ ಬರ್ತಿದೆ ನೋಡು, ಗೇರ್ ಬಾಕ್ಸ್‌ದೇ!" ಸೆರಗು ಸಿಕ್ಕಿಸಿ, ಗೋಣಿಚೀಲ ಹಾಸಿ, ಒಳಗೆ ನುಸುಳಿಬಿಡುವರು. ಕೂತಲ್ಲಿ ಕೂರುವ ಜೀವವೇ ಅಲ್ಲ. ಊಟದ ಮಧ್ಯೆ ಎದ್ದು ಹೋಗಿ ಬೋಲ್ಟು ಬಿಗಿದು ಬರುವರು. ಸಾರು ಆರುತ್ತಿತ್ತು, ಎಣ್ಣೆ ಮಾತ್ರ ನಿಲ್ಲುತ್ತಿರಲಿಲ್ಲ.

ಗೇರ್ ಬಾಕ್ಸ್ ಮುಚ್ಚಳದಡಿಯ ಪ್ಯಾಕಿಂಗ್ ಹರಿದಿದೆ ಎಂದು ಒಂದು ದಿನ ಪತ್ತೆಯಾಯಿತು. ಹೊಸದು ಕತ್ತರಿಸಲು ದಪ್ಪ ಕಾಗದ ಬೇಕಲ್ಲ? ಕೈಗೆ ಸಿಕ್ಕಿದ್ದು ಶಿಡ್ಲಘಟ್ಟದಿಂದ ಬಂದಿದ್ದ ಲಗ್ನಪತ್ರಿಕೆ. ಕತ್ತರಿಸಿ ಕೂರಿಸಿಯೇಬಿಟ್ಟರು.

"ಅಲ್ವೇ, ಶಿಡ್ಲಘಟ್ಟದ ಮದುವೆ ಯಾವತ್ತು?" ಮಾವ ಕೇಳಿದರು.

"ಮುಚ್ಚಳದ ಕೆಳಗಿದೆ ರೀ. ಬಿಚ್ಚಿ ನೋಡಿ ಹೇಳ್ಲಾ?"

ನಾವು ಹೋಗಿ ಇಳಿದಾಗ ಅಲ್ಲಿ ಚಪ್ಪರ ಬಿಚ್ಚುತ್ತಿದ್ದರು!

ಇನ್ನೊಮ್ಮೆ ಚಿಂತಾಮಣಿಯ ಪೇಟೆ ಬೀದಿಯಲ್ಲಿ "ನಿಲ್ಸಿ, ನಿಲ್ಸಿ!" ಎಂದು ಇಳಿದವರೇ ಅತ್ತೆ ಕಾರಿನಡಿ ಮಾಯವಾದರು. ಪಾದ ಕಂಡಿದ್ದೇ ತಡ, ಮುರುಗಮಲ್ಲದ ಬಸ್ಸಿಗೆ ಕಾದಿದ್ದವರೆಲ್ಲ ಓಡಿಬಂದರು. "ಅಯ್ಯೋ, ಆಡಮನಿಷಿ ಕಾರು ಕಿಂದ ಪಡಿಪೋಯಿಂದೇ!" ಎಂದು ಒಬ್ಬಾಕೆ ತೆಲುಗಿನಲ್ಲಿ ಎದೆ ಬಡಿದುಕೊಂಡಳು. ಹೆಂಗಸನ್ನು ಕೆಡವಿದ ಪಾಪಿಯೆಂದು ಮಾವನ ಕೊರಳಪಟ್ಟಿಗೆ ಕೈ ಬಿತ್ತು. ಆಗ ಕೆಳಗಿನಿಂದ ದನಿ ಬಂತು: "ಅವರನ್ನ ಆಮೇಲೆ ಹಿಡ್ಕೊಳ್ರಪ್ಪ, ಮೊದ್ಲು ಆ ಸ್ಪ್ಯಾನರ್ ಇತ್ಲಾಗೆ ಕೊಡಿ!"

ಲಗ್ನಪತ್ರಿಕೆಗೂ ಎಣ್ಣೆ ಬಗ್ಗದೆ, ಕೊನೆಗೆ ಅತ್ತೆ ಬೆಂಗಳೂರಿನಿಂದ ಎಣ್ಣೆ ತಡೆಯುವ ಬಳೆ, ಹೊಸ ಆಯಿಲ್ ಸೀಲ್ ತರಿಸಿದರು. ಗೇರ್ ಬಾಕ್ಸನ್ನು ಕೆಳಗಿಳಿಸಿ, ತೊಳೆದು, ಸೀಲ್ ಕೂರಿಸಿ, ಮತ್ತೆ ಏರಿಸಿದರು. ಸೋರುವುದು ನಿಂತಿತು! ನಾನಂತೂ ಸಿಹಿ ಹಂಚಬೇಕೆಂದಿದ್ದೆ. ಆದರೆ ಅತ್ತೆ ಒಳಕೋಣೆಯ ಕಿಟಕಿಯ ಪಕ್ಕ ಹೋಗಿ ಸುಮ್ಮನೆ ಕೂತುಬಿಟ್ಟರು. ಕರೆದರೆ ಏಳಲಿಲ್ಲ. ತಟ್ಟೆಯ ಅನ್ನ ಹಾಗೇ ಉಳಿಯಿತು. ಮಾವ ಹಜಾರದಲ್ಲಿ ಶತಪಥ ಹಾಕತೊಡಗಿದರು.

ಹೀಗೇ ಕೆಲವು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ ಕಾರಿನಡಿಯಲ್ಲಿ ಪಾದಗಳು ಕಂಡವು. ಅತ್ತೆಯವಲ್ಲ! ಮಾವ ತಿಣುಕುತ್ತ, ಎಣ್ಣೆ ಇಳಿಸುವ ಬೋಲ್ಟನ್ನು ಸಡಿಲ ಮಾಡುತ್ತಿದ್ದರು.

"ಇದೇನ್ ಮಾವ!"

"ಮೆತ್ತಗೆ ಮಾತಾಡಪ್ಪ. ಮಗು ಹೋದಾಗ್ಲೂ ಇವಳು ಹಿಂಗೇ ಕಿಟಕಿ ಹತ್ರ ಕೂತಿದ್ಲು. ಯಾರು ಕರೆದ್ರೂ ಏಳ್ಲಿಲ್ಲ. ಎಬ್ಬಿಸಿದ್ದು ಈ ಸೋರೋ ಕಾರೇ ಕಣೋ. ಸೋರ್ಲಿ ಬಿಡು."

ಹುಟ್ಟಿದ ವರ್ಷದೊಳಗೇ ತೀರಿಕೊಂಡ ಆ ಮಗುವಿನ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಬಿಸಿಲೇರುವ ಹೊತ್ತಿಗೆ ನೆಲದ ಮೇಲೆ ಕಪ್ಪು ಮಚ್ಚೆ ಹರಡಿತ್ತು. ಅತ್ತೆ ಹೊರಬಂದರು, ನೋಡಿದರು, ಗೋಣಿಚೀಲ ಹಾಸಿದರು. ನಾನು ಸ್ಪ್ಯಾನರ್ ಕೊಡಲು ಬಗ್ಗಿದೆ.

"ಇದು ತಾನಾಗೇ ಸಡಿಲ ಆಗಿಲ್ಲ ಕಣೋ," ಎಂದು ಅತ್ತೆ ಪಿಸುಗುಟ್ಟಿದರು. "ಕೆಲಸ ಬಾರದವರ ಕೈ ಇದು. ನಿಮ್ಮ ಮಾವ ಬೆರಳು ತರಚಿಕೊಂಡಿರ್ತಾರೆ, ಹೋಗಿ ಅರಿಶಿನ ಹಚ್ಚು. ನಾನು ಹೇಳ್ದೆ ಅನ್ಬೇಡ."

ಒಳಗೆ ಹೋದೆ. ಮಾವ ಹೆಬ್ಬೆರಳನ್ನು ಪಂಚೆಯ ಅಂಚಿನಲ್ಲಿ ಒತ್ತಿಹಿಡಿದುಕೊಂಡು ಕೂತಿದ್ದರು. ತಲೆಯೆತ್ತಿ ಕೇಳಿದರು:

"ಎದ್ದು ಬಂದ್ಲೇನೋ?"